1977ರ ಷೆವ್ರೊಲೆ ಕಮಾರೋ ಕಾರು, 350 ಇಂಜಿನ್, ಕೈಯಲ್ಲಿ 2,000 ಡಾಲರ್. 400 ಎಚ್‌ಪಿ ಬರಬೇಕಂದ್ರೆ ಯಾವ ಕ್ಯಾಮ್ ಹಾಕಲಿ?

ಯಾವ ಕ್ಯಾಮೂ ಬೇಡ. ಸದ್ಯಕ್ಕಂತೂ ಬೇಡ. (ಕ್ಯಾಮ್ ಅಂದ್ರೆ ಇಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವ, ಉಬ್ಬುಗಳಿರುವ ದಂಡ.)

ನಿಮ್ಮದು 77ರ ಕಮಾರೋ, ನನ್ನದು 76. ನೀವು ಒಹಾಯೋದಲ್ಲಿ, ನಾನು ಪಕ್ಕದ ಮಿಷಿಗನ್‌ನಲ್ಲಿ. ಅದೇ 350 ಘನ ಇಂಚಿನ ವಿ8, ಅದೇ ಆಟೋಮ್ಯಾಟಿಕ್ ಗೇರು, ಅದೇ ಎರಡು ಸಾವಿರ ಡಾಲರ್, ಅದೇ 400ರ ಹುಚ್ಚು. ಮನೆಯವರಿಗೆ ಸಾವಿರ ಡಾಲರ್ ಅಂತ ಹೇಳಿದ್ದೀನಿ ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. ನಾನು ಎಂಟುನೂರು ಅಂದಿದ್ದೆ.

ಕಾರು ತಗೊಂಡದ್ದು 2014ರ ಅಕ್ಟೋಬರಿನಲ್ಲಿ. ಚಳಿಗಾಲದಲ್ಲಿ ಇಲ್ಲಿ ಹಳೇ ಕಾರನ್ನು ಹೊರಗೆ ತೆಗೆಯುವ ಹಾಗಿಲ್ಲ. ಹಿಮ ಕರಗಿಸೋಕೆ ಅಂತ ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿಂದುಹಾಕುತ್ತದೆ. ಐದು ತಿಂಗಳು ಸುಮ್ನೆ ನಿಂತಿರುವ ಕಾರು, ಎದುರಿಗೆ ಹೊಸ ಸ್ಪ್ಯಾನರ್ ಸೆಟ್ಟು. ಬಿಚ್ಚಿದೆ.

ಬಿಚ್ಚುವುದು ನನಗೆ ಹೊಸದೇನಲ್ಲ. ಅಪ್ಪ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಂದು ಗ್ಯಾರೇಜಿನ ಮೇಸ್ತ್ರಿ. ಅಂಬಾಸಿಡರ್, ಫಿಯೆಟ್, ಮೆಟಡಾರ್. ಬೇಸಿಗೆ ರಜೆಯಲ್ಲಿ ಸೀಮೆಎಣ್ಣೆ ತಟ್ಟೆ ಮುಂದೆ ಕೂತು ನಟ್ಟು ಬೋಲ್ಟು ತೊಳೆಯುವುದು ನನ್ನ ಕೆಲಸ. ಹಾಗಾಗಿ ಇಂಜಿನ್ ಅಂದ್ರೆ ನನಗೆ ಗೊತ್ತು ಅನ್ನೋ ಧಿಮಾಕು ಇತ್ತು.

ನಾನು ಮಾಡಿದ್ದು ಇಷ್ಟು. ಸಿಲಿಂಡರಿನ ಮೇಲಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸವೆದಿತ್ತು. 30 ಥೌ, ಅಂದ್ರೆ ಇಂಚಿನ ಸಾವಿರ ಪಾಲಿನಲ್ಲಿ ಮೂವತ್ತು, ಬೋರಿಂಗ್ ಮಾಡಿಸಿದೆ. ಓವರ್‌ಸೈಜ್ ಪಿಸ್ಟನ್, ರಿಂಗು, ಬೇರಿಂಗು ಹಾಕಿದೆ. ದುಡ್ಡಿನ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಎರಡೂ ಹೆಡ್‌ಗಳ ವಾಲ್ವ್ ಉಜ್ಜಿ, ಅವನ್ನೇ ವಾಪಸ್ ಕೂರಿಸಿದೆ. ಉಳಿದ ಕಾಸಿನಲ್ಲಿ ಒಂದು ದೊಡ್ಡ ಕ್ಯಾಮು, ಅದರ ಜೊತೆ ಹದಿನಾರು ಲಿಫ್ಟರು. ಕ್ಯಾಮಿನ ಉಬ್ಬಿನ ಮೇಲೆ ಕೂತು ವಾಲ್ವ್ ತೆರೆಸುವ ತುಂಡು, ನಮ್ಮಲ್ಲಿ ಟ್ಯಾಪೆಟ್ ಅಂತೀವಲ್ಲ, ಅದೇ. ಕ್ಯಾಮ್ ಆರಿಸಿದ್ದು ಹೇಗೆ ಗೊತ್ತಾ? ವಿಡಿಯೋಗಳಲ್ಲಿ ಶಬ್ದ ಕೇಳಿ. ಗುಡು ಗುಡು, ಗುಡು ಗುಡು ಅಂತ ನಿಂತಲ್ಲೇ ಕಾರು ಅಲ್ಲಾಡಬೇಕು, ಅಷ್ಟೇ ನನಗೆ ಬೇಕಿದ್ದದ್ದು. ನೀವೂ ಅದಕ್ಕೇ ಕೇಳುತ್ತಿದ್ದೀರಿ ಅಂತ ನನ್ನ ಅನುಮಾನ.

ಏಪ್ರಿಲ್‌ನಲ್ಲಿ ಒಂದು ಶನಿವಾರ ಸ್ಟಾರ್ಟ್ ಮಾಡುವುದು ಅಂತಾಯಿತು. ಇಲ್ಲಿ ಬೆಳಗ್ಗೆ ಹನ್ನೊಂದು, ದಾವಣಗೆರೆಯಲ್ಲಿ ರಾತ್ರಿ ಎಂಟೂವರೆ. ಫೋನನ್ನು ಪೇಂಟ್ ಡಬ್ಬಕ್ಕೆ ಒರಗಿಸಿ ಅಪ್ಪನಿಗೆ ವಿಡಿಯೋ ಕಾಲ್ ಹಾಕಿದೆ. ಸೆಲ್ಫ್ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಕಾರ್ಬ್ಯುರೇಟರಿನಿಂದ ಫಟ್ ಅಂತ ಬೆಂಕಿ ಉಗುಳಿತು. ಹತ್ತು ಹದಿನೈದು ಸಲ ಹೊಡೆದ ಮೇಲೆ ಅಪ್ಪನೇ ಅಂದರು, "ಡಿಸ್ಟ್ರಿಬ್ಯೂಟರ್ ಉಲ್ಟಾ ಕೂತಿದೆ ನೋಡೋ." ಪ್ಲಗ್ಗುಗಳಿಗೆ ಕಿಡಿ ಹಂಚುವುದು ಅದೇ. ಹೌದು. ಒಂದನೇ ಪಿಸ್ಟನ್ ಮೇಲೆ ಬಂದಿತ್ತು ನಿಜ, ಆದರೆ ಹೊಗೆ ಬಿಡುವ ಸುತ್ತಿನಲ್ಲಿ. ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಅರ್ಧ ನಿಮಿಷ ರೇಸ್ ಕೊಟ್ಟಿರಬಹುದು. ಅಪ್ಪ ಆ ಕಡೆಯಿಂದ ಕೂಗಿದರು. "ಲೇ, ಹೊಸ ಇಂಜಿನ್ ಕಣೋ, ರೇಸ್ ಕೊಡಬೇಡ. ಐಡ್ಲಿಂಗಲ್ಲಿ ಬಿಡು, ಹೊಂದಿಕೊಳ್ಳಲಿ."

ಬಿಟ್ಟೆ. ಗುಡು ಗುಡು ಗುಡು. ಪಕ್ಕದ ಮನೆಯವ ಬಿಯರ್ ಹಿಡಿದುಕೊಂಡು ಬಂದ. ಮಗಳು ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡಳು. ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಆಫ್ ಮಾಡಿದೆ. ಅಷ್ಟರಲ್ಲಿ ಇಂಜಿನ್ ಕೆಟ್ಟಾಗಿತ್ತು. ನನಗೆ ಗೊತ್ತಾಗಿದ್ದು ಮೂರು ವಾರದ ಮೇಲೆ.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಾಲದ 350ಯಲ್ಲಿ ಇರುವುದು ಫ್ಲಾಟ್ ಟ್ಯಾಪೆಟ್ ಕ್ಯಾಮು. ಲಿಫ್ಟರಿನ ತಳ ನೋಡಿದರೆ ಚಪ್ಪಟೆ ಅನಿಸುತ್ತದೆ. ಆದರೆ ಎರಡು ಲಿಫ್ಟರುಗಳ ತಳಕ್ಕೆ ತಳ ತಾಗಿಸಿ ಬೆಳಕಿಗೆ ಹಿಡಿಯಿರಿ, ಕೂತುಕೊಳ್ಳದೆ ಆಡುತ್ತವೆ. ತಳ ಕೂದಲೆಳೆಯಷ್ಟು ಉಬ್ಬಿರುತ್ತದೆ. ಕ್ಯಾಮಿನ ಲೋಬು, ಅಂದ್ರೆ ಲಿಫ್ಟರನ್ನು ಎತ್ತುವ ಉಬ್ಬು, ಅದು ಕೂಡ ಒಂದು ಕಡೆಗೆ ಸ್ವಲ್ಪ ಇಳಿಜಾರು. ಯಾಕೆ ಅಂದ್ರೆ ಲೋಬು ಉಜ್ಜಿದಾಗ ಲಿಫ್ಟರು ತನ್ನ ತೂತಿನಲ್ಲಿ ಬುಗುರಿ ಹಾಗೆ ತಿರುಗಬೇಕು. ತಿರುಗಿದರೆ ಸವೆತ ಸುತ್ತಲೂ ಹಂಚಿಹೋಗುತ್ತದೆ. ತಿರುಗದಿದ್ದರೆ ಕಬ್ಬಿಣದ ಮೇಲೆ ಕಬ್ಬಿಣ, ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ತಿಂದುಹಾಕುತ್ತದೆ.

ಹೊಸ ಲೋಬು, ಹೊಸ ಲಿಫ್ಟರು ಒಂದಕ್ಕೊಂದು ಹೊಂದಿಕೊಳ್ಳುವುದು ಮೊದಲ ಅರ್ಧ ಗಂಟೆಯಲ್ಲಿ. ಆ ಹೊತ್ತಿನಲ್ಲಿ ಅವಕ್ಕೆ ಆಯಿಲ್ ಎಲ್ಲಿಂದ ಬರಬೇಕು? ಪಂಪು ಬೇರಿಂಗಿಗೆ ಕಳಿಸುತ್ತದೆ, ಲೋಬಿನ ಮೇಲೆ ನೇರವಾಗಿ ಸುರಿಯುವುದಿಲ್ಲ. ಕೆಳಗೆ ಜೋರಾಗಿ ತಿರುಗುವ ಕ್ರ್ಯಾಂಕಿನಿಂದ ಚಿಮ್ಮುವ ಆಯಿಲೇ ಲೋಬಿಗೆ ಗತಿ. ಐಡ್ಲಿಂಗಿನಲ್ಲಿ, 700-800 ಆರ್‌ಪಿಎಂನಲ್ಲಿ, ಸಾಕಷ್ಟು ಚಿಮ್ಮುವುದಿಲ್ಲ. ಅದಕ್ಕೇ ಸ್ಟಾರ್ಟ್ ಆದ ತಕ್ಷಣ 2,000ಕ್ಕೆ ಏರಿಸಿ, 2,000 ಮತ್ತು 2,500ರ ನಡುವೆ ಆಡಿಸುತ್ತಾ 20ರಿಂದ 30 ನಿಮಿಷ ಓಡಿಸಬೇಕು. ನಡುವೆ ಐಡ್ಲಿಂಗ್ ಇಲ್ಲವೇ ಇಲ್ಲ. ನೀರು ಸೋರಿತು, ಪೆಟ್ರೋಲ್ ಸೋರಿತು ಅಂದ್ರೆ ಪೂರ್ತಿ ಆಫ್ ಮಾಡಿ, ಸರಿಮಾಡಿ, ಮತ್ತೆ ನೇರ 2,000ಕ್ಕೆ ಹೋಗಬೇಕು. ಇದೆಲ್ಲ ಕ್ಯಾಮಿನ ಡಬ್ಬದಲ್ಲಿದ್ದ ಕಾರ್ಡಿನಲ್ಲಿ ಅಚ್ಚಾಗಿತ್ತು. ಆ ಕಾರ್ಡು ಟೂಲ್‌ಬಾಕ್ಸಿನಲ್ಲಿ, ಬನಿಯನ್ ವೇಸ್ಟಿನ ಕೆಳಗೆ ಇತ್ತು.

ಇನ್ನೂ ಎರಡು ಸೇರಿಕೊಂಡವು. ಕ್ಯಾಮ್ ಕೂರಿಸುವಾಗ ಲೋಬಿಗೆ ಉಜ್ಜಾಟ ತಡೆಯುವ ಕಪ್ಪು ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಬಳಿದಿರುತ್ತೀವಿ. ಡಿಸ್ಟ್ರಿಬ್ಯೂಟರ್ ಉಲ್ಟಾ ಇಟ್ಟು ಹದಿನೈದು ಸಲ ಸೆಲ್ಫ್ ಹೊಡೆದಾಗ ಅದೆಲ್ಲ ಒರೆಸಿಹೋಯಿತು. ಆಯಿಲ್ ಹಾಕಿದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರಿನ ಆಯಿಲು. ಇಂಥ ಉಜ್ಜಾಟ ತಡೆಯುವ ಸತು, ರಂಜಕದ ಅಂಶ ಹಳೇ ಆಯಿಲುಗಳಲ್ಲಿ ಜಾಸ್ತಿ ಇತ್ತು. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ ಅಂತ ಅದನ್ನು ಕಮ್ಮಿ ಮಾಡುತ್ತಾ ಬಂದರು. ನಮ್ಮ ಇಂಜಿನ್‌ಗೆ ಬ್ರೇಕ್-ಇನ್ ಆಯಿಲ್ ಅಂತಲೇ ಬೇರೆ ಬರುತ್ತದೆ.

ಹಾಗಾದ್ರೆ ಅಪ್ಪ ತಪ್ಪು ಹೇಳಿದರಾ? ಇದನ್ನು ನಾನು ಎಷ್ಟೋ ರಾತ್ರಿ ಯೋಚನೆ ಮಾಡಿದ್ದೀನಿ. ಅಂಬಾಸಿಡರ್‌ದೂ ಇದೇ ಜಾತಿಯ ಟ್ಯಾಪೆಟ್ಟು. ಆದರೆ ಅಪ್ಪ ಬೋರಿಂಗ್ ಮಾಡಿಸಿ ಕಟ್ಟಿದ ಇಂಜಿನ್‌ಗಳಲ್ಲಿ ಕ್ಯಾಮು ಹಳೆಯದೇ ಇರುತ್ತಿತ್ತು. ಟ್ಯಾಪೆಟ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಮರದ ಹಲಗೆಯ ತೂತುಗಳಲ್ಲಿ ಜೋಡಿಸಿಟ್ಟು, ಯಾವುದು ಎಲ್ಲಿತ್ತೋ ಅಲ್ಲಿಗೇ ಹಾಕುತ್ತಿದ್ದರು. ವರ್ಷಗಟ್ಟಲೆ ಜೊತೆಗೆ ಸವೆದ ಜೋಡಿಗಳು ಅವು. ಮತ್ತೆ ಹೊಂದಿಸುವ ಮಾತೇ ಇಲ್ಲ. ಅಪ್ಪನ ಮಾತು ಅಪ್ಪನ ಇಂಜಿನ್‌ಗೆ ಸರಿಯಾಗಿಯೇ ಇತ್ತು. ಹೊಸ ಕ್ಯಾಮ್ ತಂದವನು ನಾನು, ಕಾರ್ಡ್ ಓದಬೇಕಾದವನೂ ನಾನು.

ಮೂರನೇ ವಾರ ಟಿಕ್ ಟಿಕ್ ಶುರುವಾಯಿತು. ಲಿಫ್ಟರಿನ ಎತ್ತಾಟವನ್ನು ವಾಲ್ವಿಗೆ ಮುಟ್ಟಿಸುವ ತೋಳು ರಾಕರ್. ಅದನ್ನು ಬಿಗಿ ಮಾಡಿದೆ, ನಿಂತಿತು. ನಾಲ್ಕು ದಿನಕ್ಕೆ ಮತ್ತೆ ಟಿಕ್ ಟಿಕ್. ಮತ್ತೆ ಬಿಗಿ. ಮೂರನೇ ಸಲ ಬಿಗಿ ಮಾಡುವಾಗ ಹೊಟ್ಟೆಯಲ್ಲಿ ಏನೋ ಆಯಿತು. ಒಂದೇ ರಾಕರು ಇಷ್ಟು ಸಡಿಲ ಆಗುತ್ತದೆ ಅಂದ್ರೆ ಕೆಳಗೆ ಏನೋ ಕರಗುತ್ತಿದೆ ಅಲ್ವಾ? ಆಯಿಲ್ ಫಿಲ್ಟರ್ ಬಿಚ್ಚಿ, ತಗಡು ಕತ್ತರಿಸಿ, ಒಳಗಿನ ಕಾಗದವನ್ನು ನ್ಯೂಸ್‌ಪೇಪರ್ ಮೇಲೆ ಹರಡಿದೆ. ಮಡಿಕೆ ಮಡಿಕೆಯಲ್ಲೂ ಮಿನುಗು, ಜಾತ್ರೆಯಲ್ಲಿ ಮುಖಕ್ಕೆ ಹಚ್ಚುವ ಹೊಳಪಿನ ಪುಡಿ ಹಾಗೆ. ಆಯಸ್ಕಾಂತ ಹಿಡಿದೆ, ಅರ್ಧ ಅಂಟಿತು, ಅದು ಕ್ಯಾಮು, ಲಿಫ್ಟರು. ಅಂಟದ ಇನ್ನರ್ಧ ಬೇರಿಂಗು. ಕ್ಯಾಮ್ ಹೊರಗೆ ಎಳೆದಾಗ ಆರನೇ ಸಿಲಿಂಡರಿನ ಒಂದು ಲೋಬು ಮೊಟ್ಟೆ ಆಕಾರ ಹೋಗಿ ಗೋಲಿಯಾಗಿತ್ತು. ಅದರ ಲಿಫ್ಟರಿನ ತಳದಲ್ಲಿ ಒಂದು ಹನಿ ನೀರು ನಿಲ್ಲುವಷ್ಟು ಗುಳಿ.

ಆ ಪುಡಿ ಇಂಜಿನ್ ಪೂರ್ತಿ ಓಡಾಡಿತ್ತು. ಕ್ರ್ಯಾಂಕ್ 10 ಥೌ ಗ್ರೈಂಡಿಂಗ್, ಹೊಸ ಬೇರಿಂಗು, ಬ್ಲಾಕಿನ ಒಂದೊಂದು ಆಯಿಲ್ ದಾರಿಯನ್ನೂ ಬ್ರಷ್ ಹಾಕಿ ತೊಳೆಯುವುದು, ಗ್ಯಾಸ್ಕೆಟ್ಟು, ಇನ್ನೊಂದು ಕ್ಯಾಮು. ಮೇಲೆ 1,400 ಡಾಲರ್. ಮನೆಯಲ್ಲಿ ಆಗಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ನೀವು ಕ್ಯಾಮ್ ಕೇಳುತ್ತಿರುವುದೇ ತಪ್ಪು ಅಂತ ಯಾಕಂದೆ? 1970ರ ಜೆಡ್28 ಕಮಾರೋದಲ್ಲೂ 350ಯೇ ಇತ್ತು. ಅದೇ 4 ಇಂಚು ಬೋರು, 3.48 ಇಂಚು ಸ್ಟ್ರೋಕು. ಆಗ 360 ಎಚ್‌ಪಿ ಅಂತ ಬರೆದುಕೊಂಡಿದ್ದರು. ನನ್ನ 76ರದ್ದು 165, ನಿಮ್ಮ 77ರದ್ದು 170. ಸ್ವಲ್ಪ ಭಾಗ ಲೆಕ್ಕದ ಆಟ: 1972ರಿಂದ ಫ್ಯಾನು, ಸೈಲೆನ್ಸರ್ ಎಲ್ಲ ಸಮೇತ ಅಳೆಯತೊಡಗಿದರು. ಕ್ಯಾಮಿನದ್ದೂ ಒಂದು ಪಾಲು ಇದೆ, ಇಲ್ಲ ಅನ್ನಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೈಬಿಟ್ಟದ್ದು ಕಂಪ್ರೆಷನ್, ಅಂದ್ರೆ ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ. ಆಗ 11 ಇತ್ತು, ಸೀಸ ಕಮ್ಮಿ ಇರುವ ಪೆಟ್ರೋಲಿಗೆ ಅಂತ 1971ರಿಂದ ಇಳಿಸಿದರು, ನಿಮ್ಮದರಲ್ಲಿ 8.5. ಜೊತೆಗೆ 1975ರಿಂದ ಹೊಗೆ ಹೋಗುವ ದಾರಿಗೆ ಕನ್ವರ್ಟರ್ ಅಡ್ಡ.

8.5 ಕಂಪ್ರೆಷನ್ನಿಗೆ ದೊಡ್ಡ ಕ್ಯಾಮ್ ಹಾಕಿದರೆ ಏನಾಗುತ್ತದೆ? ದೊಡ್ಡ ಕ್ಯಾಮು ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇರುತ್ತಾ ಬಂದಿರುತ್ತದೆ, ವಾಲ್ವು ಇನ್ನೂ ತೆರೆದಿರುತ್ತದೆ, ಎಳೆದುಕೊಂಡ ಗಾಳಿ ಬಂದ ದಾರಿಯಲ್ಲೇ ವಾಪಸ್. ಇದ್ದ ಅಲ್ಪಸ್ವಲ್ಪ ಒತ್ತಡವೂ ಹೋಯಿತು. ಆ ಮೂರು ವಾರ ನನ್ನ ಕಾರು ಸಿಗ್ನಲ್ಲಿನಿಂದ ಹೊರಡುವಾಗ ಮೊದಲಿಗಿಂತ ಮಂದವಾಗಿತ್ತು. ಶಬ್ದ ಮಾತ್ರ ಹುಲಿಯದ್ದು.

ನಿಮ್ಮದು ಹೊಗೆ ಬಿಡುತ್ತಿಲ್ಲ, ಆಯಿಲ್ ಕುಡಿಯುತ್ತಿಲ್ಲ ಅಂದಿದ್ದೀರಿ. ಹಾಗಿದ್ದರೆ ಕೆಳಭಾಗ ಬಿಚ್ಚಲೇಬೇಡಿ. ಎಂಟೂ ಸಿಲಿಂಡರಿನ ಕಂಪ್ರೆಷನ್ ಒತ್ತಡವನ್ನು ಗೇಜ್ ಹಾಕಿ ನೋಡಿ. ಎಲ್ಲಕ್ಕಿಂತ ಕಮ್ಮಿ ಇರುವುದು ಎಲ್ಲಕ್ಕಿಂತ ಜಾಸ್ತಿ ಇರುವುದರ ಮುಕ್ಕಾಲು ಪಾಲಿಗಿಂತ ಮೇಲಿದ್ದರೆ ಬ್ಲಾಕಿನ ತಂಟೆಗೆ ಹೋಗಬೇಡಿ. ದುಡ್ಡನ್ನು ಹೆಡ್ಡಿಗೆ ಹಾಕಿ. 1996ರಿಂದ ಷೆವ್ರೊಲೆ ಪಿಕಪ್‌ಗಳ 5.7 ಲೀಟರ್ ಇಂಜಿನ್‌ನಲ್ಲಿ ವೋರ್ಟೆಕ್ ಹೆಡ್ ಬಂತು. ಗುಜರಿಯಲ್ಲಿ ಸಿಗುತ್ತದೆ, ಎರಕದ ನಂಬರಿನ ಕೊನೆಯ ಮೂರು ಅಂಕಿ 906 ಅಥವಾ 062 ಇರಬೇಕು. ಅದರ ಚೇಂಬರು, ಅಂದ್ರೆ ಪೆಟ್ರೋಲ್ ಉರಿಯುವ ಗುಳಿ, 64 ಸಿಸಿ. ನಿಮ್ಮದು ಬಹುಶಃ 76 ಸಿಸಿ. ಬರೀ ಇದರಿಂದಲೇ ಕಂಪ್ರೆಷನ್ ಸುಮಾರು ಒಂದು ಪಾಯಿಂಟ್ ಏರುತ್ತದೆ, ಗಾಳಿಯ ದಾರಿಯೂ ಎಷ್ಟೋ ವಾಸಿ. ತಂದ ತಕ್ಷಣ ವಾಲ್ವ್ ಸೀಟಿನ ಹತ್ತಿರ ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿ. ಇರುವುದುಂಟು. ನಿಮ್ಮ ಹಳೇ ಇನ್‌ಟೇಕ್ ಮ್ಯಾನಿಫೋಲ್ಡು ಅದಕ್ಕೆ ಕೂರುವುದಿಲ್ಲ, ಬೋಲ್ಟಿನ ಜಾಗವೇ ಬೇರೆ. ರಾಕರುಗಳೂ ಬೇರೆ. ಆ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ನಾನು ಹಿಡಿದಿರಲಿಲ್ಲ. ಈಗಿರುವ ಕ್ಯಾಮು ಹಾಗೇ ಇರಲಿ. ಲಿಫ್ಟರು ಹೊರಗೆ ತೆಗೆದರೆ ಮೊಟ್ಟೆ ಟ್ರೇಯಲ್ಲಿ ನಂಬರ್ ಹಾಕಿ ಇಡಿ.

ಇನ್ನೂ ಕಾಸು ಉಳಿದರೆ ಹಿಂದಿನ ಆಕ್ಸಲ್ಲಿನ ಗೇರು. ನನ್ನದರ ಅನುಪಾತ 2.73 ಇತ್ತು, 3.42 ಹಾಕಿಸಿದೆ. ಹೆಂಡತಿಗೂ ವ್ಯತ್ಯಾಸ ಗೊತ್ತಾದ ಖರ್ಚು ಅದೊಂದೇ.

400? ಬಿಡಿ. ನಾನು ಕೊನೆಗೆ ಡೈನೋ, ಅಂದ್ರೆ ಶಕ್ತಿ ಅಳೆಯುವ ಯಂತ್ರದ ಮೇಲೆ ಹತ್ತಿಸಿದಾಗ ಚಕ್ರದಲ್ಲಿ 231 ಎಚ್‌ಪಿ ಬಂತು. ಆ ಸಂಖ್ಯೆ ಯಾರಿಗೂ ಹೇಳುವುದಿಲ್ಲ, ಕೇಳಿದರೆ ಕೂರಿಸಿಕೊಂಡು ಒಂದು ರೌಂಡ್ ಹಾಕುತ್ತೇನೆ.

ಎರಡನೇ ಸಲ ಸ್ಟಾರ್ಟ್ ಮಾಡಿದ್ದು ಸೆಪ್ಟೆಂಬರಿನಲ್ಲಿ. ಈ ಸಲ ಚಿಕ್ಕ ಕ್ಯಾಮು, ವೋರ್ಟೆಕ್ ಹೆಡ್ಡು. ಡಿಸ್ಟ್ರಿಬ್ಯೂಟರಿನ ತೂತಿನಲ್ಲಿ ಡ್ರಿಲ್ ಇಳಿಸಿ ಆಯಿಲ್ ಪಂಪ್ ತಿರುಗಿಸಿದೆ, ಹದಿನಾರೂ ರಾಕರಿನಲ್ಲಿ ಆಯಿಲ್ ಒಸರುವವರೆಗೆ ಬಿಡಲಿಲ್ಲ. ಕಾರ್ಬ್ಯುರೇಟರಿಗೆ ಮೊದಲೇ ಪೆಟ್ರೋಲ್ ತುಂಬಿದೆ. ಅಪ್ಪ ಮತ್ತೆ ಪೇಂಟ್ ಡಬ್ಬಕ್ಕೆ ಒರಗಿ ಕೂತರು. ಕೀ ತಿರುಗಿಸಿ ನೇರ 2,000ಕ್ಕೆ ಏರಿಸಿದೆ. ಇಪ್ಪತ್ತೈದು ನಿಮಿಷ. ಅಪ್ಪನ ಬಾಯಿ ಆಡುತ್ತಿದ್ದದ್ದು ಕಾಣುತ್ತಿತ್ತು, ಒಂದಕ್ಷರ ಕೇಳಿಸಲಿಲ್ಲ. ಬೈಯುತ್ತಿದ್ದಾರೆ ಅಂದುಕೊಂಡೆ.

ಕೊನೆಗೆ ಐಡ್ಲಿಂಗಿಗೆ ಇಳಿಸಿದಾಗ ಕೇಳಿಸಿತು. "ಎಡಗಡೆ ಗ್ಯಾಸ್ಕೆಟ್ ಊದ್ತಿದೆ, ಅವಾಗಿಂದ ಹೇಳ್ತಿದ್ದೀನಿ." ತಣ್ಣಗಾದ ಮೇಲೆ ಸ್ಪ್ಯಾನರ್ ಹಾಕಿ ನೋಡಿದೆ. ಎಡಗಡೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಎರಡು ಬೋಲ್ಟು ಬೆರಳಲ್ಲೇ ತಿರುಗುವಷ್ಟು ಸಡಿಲ ಇದ್ದವು. ನೀವೂ ಮೊದಲ ಸಲ ಬಿಸಿಯಾಗಿ ಆರಿದ ಮೇಲೆ ಅವನ್ನು ಇನ್ನೊಮ್ಮೆ ಬಿಗಿ ಮಾಡಿ.