ಸ್ಯಾಂಟಿಯಾಗೊ–ಬ್ಯೂನಸ್ ಐರಿಸ್: ಹೋಗಲು 3 ಗಂಟೆ, ಬರಲು 1 ಗಂಟೆ 20 ನಿಮಿಷ?

ಮೇಡಂ, ಜುಲೈನಲ್ಲಿ ಚಿಲಿಯ ಸ್ಯಾಂಟಿಯಾಗೊದಿಂದ 10ಕ್ಕೆ ಹೊರಟ ವಿಮಾನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1ಕ್ಕೆ ಇಳಿಯುತ್ತೆ, ವಾಪಸ್ 10ಕ್ಕೆ ಹೊರಟಿದ್ದು 11.20ಕ್ಕೇ ಬಂದುಬಿಡುತ್ತೆ, ಇದು ಹೇಗೆ ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು, ಬರುವಾಗ ಬೇಗ ಬರೋದು ಗಾಳಿಯಿಂದ ಅಂದಿದ್ದಾರೆ. ಗಾಳಿ ಇರೋದು ನಿಜ, ಆದರೆ ಅದು ಮಾಡೋದು ಇದರ ಉಲ್ಟಾ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಅರ್ಜೆಂಟೀನಾದಲ್ಲಿ ವರ್ಷವಿಡೀ ಒಂದೇ ಸಮಯ. ಚಿಲಿಯವರು ಏಪ್ರಿಲ್ ಶುರುವಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಮುಂದಕ್ಕೆ. ಹಾಗಾಗಿ ಜುಲೈನಲ್ಲಿ ಬ್ಯೂನಸ್ ಐರಿಸ್ ಒಂದು ಗಂಟೆ ಮುಂದಿರುತ್ತದೆ. ಅದನ್ನು ಕಳೆದು ಕೂಡಿಸಿದರೆ ಹೋಗಲು 2 ಗಂಟೆ, ಬರಲು 2 ಗಂಟೆ 20 ನಿಮಿಷ. ಡಿಸೆಂಬರ್‌ನಲ್ಲಿ ಹೋಗಿದ್ದರೆ ಎರಡೂ ಕಡೆ ಒಂದೇ ಸಮಯ, ಈ ಗೊಂದಲವೇ ಇರುತ್ತಿರಲಿಲ್ಲ.

ಉಳಿದ ಆ 20 ನಿಮಿಷ ಮಾತ್ರ ಗಾಳಿಯದ್ದು. ಅಲ್ಲಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ದೂರ ನೇರವಾಗಿ ಸುಮಾರು 1,140 ಕಿ.ಮೀ., ಬೆಂಗಳೂರು–ಮುಂಬೈಗಿಂತ ಸುಮಾರು 300 ಕಿ.ಮೀ. ಜಾಸ್ತಿ.

ಸೀಟು ಈಗಲೇ ಆರಿಸಿಕೊಳ್ಳಿ. ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ. ವಿಮಾನ ಸಾಮಾನ್ಯವಾಗಿ ಅರ್ಜೆಂಟೀನಾದ ಮೆಂಡೋಜಾ ಊರಿನ ಕಡೆಯಿಂದ ಆಂಡಿಸ್ ದಾಟುತ್ತದೆ, ಉತ್ತರಕ್ಕೆ ಅಕಾಂಕಾಗುವಾ ಇದೆ. 6,961 ಮೀಟರ್, ಏಷ್ಯಾದ ಹೊರಗೆ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಸ್ಯಾಂಟಿಯಾಗೊ ಬೆಟ್ಟದ ಬುಡದಲ್ಲೇ ಇರುವುದರಿಂದ ಮೇಲೇರಿದ ಕೆಲವೇ ನಿಮಿಷಕ್ಕೆ ಹಿಮದ ಸಾಲು ಶುರು. ಫೋನ್ ಕೈಯಲ್ಲೇ ಇರಲಿ, ಆಮೇಲೆ ಬ್ಯಾಗ್ ತಡಕಾಡುವಷ್ಟರಲ್ಲಿ ಮುಗಿದಿರುತ್ತದೆ. ಅದೇ ಗಾಳಿ ಬೆಟ್ಟಕ್ಕೆ ಬಡಿದು ಮೇಲೇಳುವ ಜಾಗ ಅದು, ಕುಲುಕಾಟ ಇದ್ದೇ ಇರುತ್ತದೆ. ಬೆಲ್ಟ್ ಬಿಚ್ಚಬೇಡಿ. ನಿಮ್ಮ ಅಮ್ಮನಿಗೆ ಮೊದಲೇ ಹೇಳಿಡಿ, ಸುಮ್ನೆ ಗಾಬರಿಯಾಗುತ್ತಾರೆ.

ಬ್ಯೂನಸ್ ಐರಿಸ್‌ನಲ್ಲಿ ಎರಡು ಏರ್‌ಪೋರ್ಟ್ ಇವೆ, ಇದನ್ನು ಜನ ಗಮನಿಸುವುದೇ ಇಲ್ಲ. ಏರೋಪಾರ್ಕೆ ಊರೊಳಗೆ, ನದಿ ದಂಡೆಯಲ್ಲೇ ಇದೆ. ಎಸೈಸಾ ಊರಾಚೆ ಸುಮಾರು 30 ಕಿ.ಮೀ., ಟ್ರಾಫಿಕ್ ಇದ್ದರೆ ಒಂದು ಗಂಟೆಗೂ ಜಾಸ್ತಿ. ಟಿಕೆಟ್‌ನಲ್ಲಿ ಸ್ವಲ್ಪ ದುಡ್ಡು ಉಳಿಯಿತು ಅಂತ ಎಸೈಸಾ ಹಿಡಿದರೆ ಅದು ಟ್ಯಾಕ್ಸಿಗೆ ಹೋಗುತ್ತದೆ. ನಾನಾದರೆ ಏರೋಪಾರ್ಕೆಯನ್ನೇ ಹಿಡಿಯುತ್ತೇನೆ.

ಬಸ್ಸು ಹೇಗೆ ಅಂತಲೂ ಕೇಳಿದ್ದಿರಿ. ರಸ್ತೆಯಲ್ಲಿ ಸುಮಾರು 1,400 ಕಿ.ಮೀ., 20 ಗಂಟೆ ದಾಟುತ್ತದೆ. ದಾರಿ ಚೆಂದ, ಸುಳ್ಳಲ್ಲ. ಆದರೆ ಜುಲೈ ಅಲ್ಲಿ ಚಳಿಗಾಲ. ಬೆಟ್ಟದ ಮೇಲೆ 3,000 ಮೀಟರ್‌ಗೂ ಎತ್ತರದ ಗಡಿ ದಾರಿ ಹಿಮ ಬಿದ್ದರೆ ಮುಚ್ಚುತ್ತದೆ, ಒಮ್ಮೊಮ್ಮೆ ದಿನಗಟ್ಟಲೆ. ಸ್ಯಾಂಟಿಯಾಗೊದಿಂದಲೇ ನಿಮಗೆ ಊರಿಗೆ ವಾಪಸ್ ಫ್ಲೈಟ್ ಇದೆ ಅಲ್ವಾ, ಬರುವಾಗಂತೂ ಬಸ್ಸು ಬೇಡ.

ಇನ್ನೊಂದು. ಚಿಲಿಗೆ ಮರಳುವಾಗ ಹಣ್ಣು, ಬೀಜ, ಜೇನು, ಹಾಲಿನ ಪದಾರ್ಥಗಳ ತಪಾಸಣೆ ಬಹಳ ಬಿಗಿ. ಬ್ಯಾಗಿನಲ್ಲಿ ಮರೆತ ಒಂದು ಸೇಬಿಗೂ ದಂಡ ಬೀಳಬಹುದು. ಚಟ್ನಿಪುಡಿ, ಕರಿಬೇವು ಏನೇ ಇದ್ದರೂ ಫಾರಂನಲ್ಲಿ ಇದೆ ಅಂತಲೇ ತುಂಬಿ. ಹೇಳಿದರೆ ಹೆಚ್ಚೆಂದರೆ ಆ ವಸ್ತು ಇಟ್ಟುಕೊಳ್ಳುತ್ತಾರೆ, ದಂಡ ಇರುವುದಿಲ್ಲ.