ಗಂಟಲು ಕಟ್ಟುತ್ತಿದ್ದರೆ ಶ್ರುತಿ ಇಳಿಸಿ

ಪ್ರಶ್ನೆ: ನನಗೆ ಅಮೆರಿಕದ ಬ್ಲೂಗ್ರಾಸ್ ಶೈಲಿಯ ಹಾಡುಗಳ ಹುಚ್ಚು. ಆ ಶೈಲಿ ಹುಟ್ಟುಹಾಕಿದ ಗಾಯಕ ಬಿಲ್ ಮನ್ರೋ ಥರ ಎತ್ತರದಲ್ಲಿ ಹಾಡಲು ಹೋದರೆ ಅರ್ಧ ಗಂಟೆಯಲ್ಲಿ ಗಂಟಲು ಕಟ್ಟುತ್ತದೆ. ಮೂಗಿನಿಂದ ಹಾಡು ಅಂತ ಗೆಳೆಯರು ಹೇಳುತ್ತಾರೆ. ಅದು ಸರಿಯಾ?

ಉತ್ತರ: ಸರಿಯಲ್ಲ. ಬೇಕಿದ್ದರೆ ‘ಆ’ ಎಂದು ಒಂದು ಸ್ವರ ಹಿಡಿದು, ನಡುವೆ ಮೂಗು ಮುಚ್ಚಿ ನೋಡಿ. ದನಿ ಬದಲಾದರೆ ಗಾಳಿ ಮೂಗಿಗೆ ಸೋರುತ್ತಿದೆ ಎಂದರ್ಥ, ಅದು ಬೇಡ. ಬ್ಲೂಗ್ರಾಸಿನ ಆ ಹರಿತವಾದ ದನಿಗೆ ‘ಟ್ವ್ಯಾಂಗ್’ ಎನ್ನುತ್ತಾರೆ. ಧ್ವನಿತಂತುಗಳ ಸ್ವಲ್ಪ ಮೇಲೆ ಗಂಟಲ ದಾರಿ ಕಿರಿದಾದಾಗ ಅದು ಹುಟ್ಟುತ್ತದೆ. ತುಂಟ ಮಗು ‘ನ್ಯಾ ನ್ಯಾ’ ಎಂದು ಅಣಕಿಸುತ್ತದಲ್ಲ, ಆ ಜಾಗ. ಆಗ ದನಿಯಲ್ಲಿ 3000 ಹರ್ಟ್ಸ್ ಆಸುಪಾಸಿನ ಅಂಶ ಜಾಸ್ತಿಯಾಗುತ್ತದೆ. ನಮ್ಮ ಕಿವಿ ಅಲ್ಲೇ ಬಲು ಚುರುಕು. ಹಾಗಾಗಿ ಜೋರು ಮಾಡದೆಯೇ ಬ್ಯಾಂಜೋ ಎಂಬ ತಂತಿವಾದ್ಯದ ಸದ್ದಿನ ಮೇಲೆ ಹಾಡು ಕೇಳುತ್ತದೆ.

ನೀವು ಮನ್ರೋ ಅವರ ಶ್ರುತಿಯಲ್ಲೇ ಹಾಡುತ್ತಿದ್ದೀರಿ, ಅಲ್ವಾ? ಬಿ, ಬಿ ಫ್ಲ್ಯಾಟ್ ಶ್ರುತಿಗಳು ಅವರ ಗಂಟಲಿಗೆ ಒಗ್ಗಿದ್ದವು. ನಾನೂ ಎರಡು ವರ್ಷ ಬಿ ಶ್ರುತಿಗೇ ಜೋತುಬಿದ್ದಿದ್ದೆ. ಒಂದು ಸಂಜೆ ಮೂರನೇ ಹಾಡಿಗೇ ದನಿ ಹೋಯಿತು. ಹನ್ನೊಂದು ದಿನ ಸರಿಯಾಗಿ ಮಾತೂ ಆಡಲಾಗಲಿಲ್ಲ. ಆಮೇಲೆ ಗಿಟಾರಿನ ನಾಲ್ಕನೇ ಮನೆಯಿಂದ ಕ್ಯಾಪೋ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ತೆಗೆದೆ, ಜಿ ಶ್ರುತಿಗೆ ಇಳಿದೆ. ಹಾಡಿನಲ್ಲಿರುವ ಒಂಟಿತನದ ಭಾವ ಎಲ್ಲೂ ಹೋಗಲಿಲ್ಲ! ಕೆಳಗಿನಿಂದ ಜಾರಿ ಸ್ವರ ಮುಟ್ಟಿ. ನಡುಗಿಸದೆ ನೇರ ಹಿಡಿಯಿರಿ. ಸಾಲಿನ ಕೊನೆಯನ್ನು ಸುಮ್ನೆ ಎಳೆಯದೆ ತಟ್ಟನೆ ಬಿಡಿ. ಕರುಳು ಹಿಂಡುವುದು ಇದೇ.

ಬ್ಲೂಗ್ರಾಸ್ ಗಾಯಕ ರಾಲ್ಫ್ ಸ್ಟ್ಯಾನ್ಲಿ ಅವರ ಹಾಡು ಕೇಳಿ. ವರ್ಜೀನಿಯಾದ ಬೆಟ್ಟಗಳಲ್ಲಿ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಚರ್ಚಿನ ಹಾಡು ಕೇಳುತ್ತ ಬೆಳೆದವರು. ಅಲ್ಲಿ ವಾದ್ಯವೇ ಇಲ್ಲ. ಒಬ್ಬರು ಸಾಲು ಹೇಳಿಕೊಡುತ್ತಾರೆ, ಉಳಿದವರು ಅದನ್ನು ನಿಧಾನವಾಗಿ ಎಳೆದು ಹಾಡುತ್ತಾರೆ. ವಾದ್ಯವಿಲ್ಲದೆ ಹಾಡಿದ ಒಂದು ಹಾಡಿಗೆ 2002ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಆಗ ವಯಸ್ಸು 75. ಆ ಹಾಡಿನಲ್ಲಿ ಕಿರುಚಾಟ ಒಂದಿಷ್ಟೂ ಇಲ್ಲ, ಆದರೂ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ನನಗೆ ‘ಟೆನರ್’ ಹಾಡಲು ಹೇಳಿದ್ದಾರೆ. ನಾನು ಹೆಂಗಸು. ಟೆನರ್ ಗಂಡಸರ ದನಿ ಅಲ್ಲವೇ?

ಉತ್ತರ: ಬ್ಲೂಗ್ರಾಸಿನಲ್ಲಿ ಟೆನರ್ ಎಂದರೆ ಒಂದು ಕೆಲಸ. ಮುಖ್ಯ ರಾಗ ಹಾಡುವವರಿಗಿಂತ ಮೇಲಿನ ಸ್ವರ ಹಿಡಿಯುವವರು ಟೆನರ್. ಅವರಿಗಿಂತ ಕೆಳಗೆ ಹಾಡುವವರು ಸಾಮಾನ್ಯವಾಗಿ ಬ್ಯಾರಿಟೋನ್. ಗಂಡು ಹೆಣ್ಣು ಲೆಕ್ಕವಿಲ್ಲ. ಬ್ಲೂಗ್ರಾಸ್ ಗಾಯಕಿಯರಾದ ಹೇಜಲ್ ಡಿಕನ್ಸ್, ಆಲಿಸ್ ಜೆರಾರ್ಡ್ ಜೋಡಿಯ ಮೊದಲ ರೆಕಾರ್ಡ್ 1965ರಲ್ಲೇ ಬಂದಿದೆ. ಅದನ್ನು ಕೇಳಿದರೆ ನಿಮ್ಮ ಅಳುಕು ಹೋದೀತು. ಹಾಡುವಾಗ ಮುಖ್ಯ ಗಾಯಕರ ಬಾಯಿ ನೋಡುತ್ತಿರಿ. ಅವರು ಸ್ವರಕ್ಕೆ ಜಾರಿದಾಗ ನೀವೂ ಜೊತೆಗೇ ಜಾರಬೇಕು. ಅವರ ದನಿ ನಿಮಗೆ ಕೇಳದಿದ್ದರೆ ಮೈಕ್‌ನಿಂದ ಅರ್ಧ ಹೆಜ್ಜೆ ಹಿಂದೆ ಸರಿಯಿರಿ.