ಆರ್‌ಎಫ್‌ಐಡಿ, ಎಐ ಫೋರ್‌ಕಾಸ್ಟ್, ಬ್ಲಾಕ್‌ಚೈನ್: ನಮ್ಮ ಸಪ್ಲೈ ಚೈನ್ ಡಿಜಿಟಲ್ ಮಾಡಲು ಯಾವುದರಿಂದ ಶುರು ಮಾಡಬೇಕು?

ಮೂರರಲ್ಲಿ ಯಾವುದೂ ಬೇಡ. ಸದ್ಯಕ್ಕಂತೂ ಬೇಡ.

ಒಂದು ವರ್ಷದ ಟೈಮ್ ಇದೆ, ಬಜೆಟ್ ಸಿಕ್ಕಿದೆ, ಮೂರು ಕಂಪನಿಯವರು ಬಂದು ಡೆಮೊ ತೋರಿಸಿ ಹೋಗಿದ್ದಾರೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ನಾನು ಕೂತಿದ್ದದ್ದು ಇದೇ ಜಾಗದಲ್ಲಿ. ಆದ್ದರಿಂದ ಯಾವುದು ಒಳ್ಳೆಯದು ಅಂತ ತೂಗಿ ನೋಡುವ ಮೊದಲು ನನಗೆ ಏನಾಯಿತು ಅಂತ ಹೇಳಿಬಿಡುತ್ತೇನೆ.

ನಮ್ಮದು ಪಂಪು, ಮೋಟಾರುಗಳ ಬಿಡಿಭಾಗ ಹಂಚುವ ಕಂಪನಿ. ಬೇರಿಂಗ್, ಆಯಿಲ್ ಸೀಲ್, ಗ್ಯಾಸ್ಕೆಟ್, ಬೋಲ್ಟ್. ಸುಮಾರು 11,000 ಐಟಂ, ಮೂರು ಗೋದಾಮು. ಹಳೆಯ ಸಾಫ್ಟ್‌ವೇರ್ ತೆಗೆದು ಹೊಸ ಈಆರ್‌ಪಿ ಹಾಕಿದೆವು, ಅಂದರೆ ಖರೀದಿ, ಸ್ಟಾಕು, ಮಾರಾಟ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಗೋದಾಮಿನ ಬಾಗಿಲಿಗೆ ಆರ್‌ಎಫ್‌ಐಡಿ ಗೇಟು, ಮಾಲಿಗೆ ಅಂಟಿಸಿದ ಟ್ಯಾಗನ್ನು ರೇಡಿಯೊ ಅಲೆಯಿಂದ ಓದುವಂಥದ್ದು. ಮುಂದೆ ಎಷ್ಟು ಮಾಲು ಬೇಕಾಗಬಹುದು ಅಂತ ಲೆಕ್ಕ ಹಾಕುವ ಎಐ. ಆ ಲೆಕ್ಕದ ಮೇಲೆ ಯಾರೂ ಮುಟ್ಟದೆ ತಾನಾಗಿಯೇ ಸಪ್ಲೈಯರ್‌ಗೆ ಹೋಗುವ ಪರ್ಚೇಸ್ ಆರ್ಡರ್. ನಾಲ್ಕೂ ಒಂದೇ ವರ್ಷದಲ್ಲಿ. ಇಡೀ ಪ್ರಾಜೆಕ್ಟ್ ನನ್ನ ಕೈಯಲ್ಲಿತ್ತು.

ಗೋ-ಲೈವ್‌ಗೆ, ಅಂದರೆ ಹೊಸ ಸಿಸ್ಟಂ ಶುರು ಮಾಡುವ ದಿನಕ್ಕೆ, ಮೂರು ವಾರ ಬಾಕಿ ಇತ್ತು. ಹಳೆಯ ಡೇಟಾವನ್ನು ಹೊಸದಕ್ಕೆ ಸಾಗಿಸುತ್ತಿದ್ದ ಹುಡುಗ ಸಂಜೆ ಫೋನ್ ಮಾಡಿದ. “ಸರ್, ಪ್ಯಾಕ್ ಸೈಜ್ ಅನ್ನೋ ಕಾಲಂ 1,900 ಐಟಂಗೆ ಖಾಲಿ ಇದೆ. ಖಾಲಿ ಬಿಟ್ಟರೆ ಸಿಸ್ಟಂ ತಗೊಳ್ಳಲ್ಲ. ಏನು ಮಾಡಲಿ?”

“ಸದ್ಯಕ್ಕೆ ಎಲ್ಲದಕ್ಕೂ 1 ಹಾಕಿಬಿಡಪ್ಪ. ಆಮೇಲೆ ಸರಿ ಮಾಡ್ಕೊಳ್ಳೋಣ” ಅಂದೆ.

ಎರಡು ನಿಮಿಷವೂ ಆಗಿರಲಿಲ್ಲ ಆ ಮಾತು. ನಮ್ಮನ್ನು ಮುಳುಗಿಸಿದ್ದು ಅದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ. ಯಾಕೆಂದರೆ ನಿಮಗೂ ಇಂಥದ್ದೇ ಒಂದು ಫೋನ್ ಬಂದೇ ಬರುತ್ತದೆ.

ಪ್ಯಾಕ್ ಸೈಜ್ ಅಂದರೆ ಒಂದು ಬಾಕ್ಸಿನಲ್ಲಿ ಎಷ್ಟು ಪೀಸು ಅಂತ. ಕೊಳ್ಳುವಾಗ ಬಾಕ್ಸಿನ ಲೆಕ್ಕ. ಗೋದಾಮಿನಲ್ಲಿ ಇಡುವುದು ಪೀಸಿನ ಲೆಕ್ಕ. ಮಾರುವಾಗ ಕೆಲವರಿಗೆ ಬಾಕ್ಸು, ಕೆಲವರಿಗೆ ಬಿಡಿ. ಈ ಎರಡು ಲೆಕ್ಕವನ್ನು ಜೋಡಿಸುವ ಕೊಂಡಿ ಇದೊಂದೇ ನಂಬರು. ಅಲ್ಲಿ 1 ಹಾಕಿದರೆ ಒಂದು ಬಾಕ್ಸೂ ಒಂದು ಪೀಸೂ ಒಂದೇ ಅಂತ ಸಿಸ್ಟಂಗೆ ಹೇಳಿಕೊಟ್ಟ ಹಾಗೆ.

ಕಾಲಂ ಖಾಲಿ ಇದ್ದಿದ್ದರೆ ಆ ಐಟಂ ಬಂದಾಗ ಸಿಸ್ಟಂ ನಿಲ್ಲುತ್ತಿತ್ತು. ಯಾರಾದರೂ ಬಾಕ್ಸ್ ತೆರೆದು ಎಣಿಸುತ್ತಿದ್ದರು. ಅರ್ಧ ಗಂಟೆ ಕೆಲಸ ನಿಲ್ಲುತ್ತಿತ್ತು, ಅಷ್ಟೇ. 1 ಹಾಕಿದ್ದರಿಂದ ಯಾವುದೂ ನಿಲ್ಲಲಿಲ್ಲ. ಇನ್ನೂ ಕೆಟ್ಟದ್ದೊಂದಿದೆ. ಪಂಪಿನ ಕೇಸಿಂಗ್, ದೊಡ್ಡ ಬೇರಿಂಗ್ ಥರದ 4,000 ಐಟಂಗಳಿಗೆ ಪ್ಯಾಕ್ ಸೈಜ್ ನಿಜವಾಗಿಯೂ 1. ನಾನು ಹಾಕಿಸಿದ 1,900 ಸುಳ್ಳು ಒಂದುಗಳು ಆ 4,000 ನಿಜದ ಒಂದುಗಳ ಜೊತೆ ಬೆರೆತುಹೋದವು. ‘ಆಮೇಲೆ ಸರಿ ಮಾಡೋಣ’ ಅಂದಿದ್ದೆನಲ್ಲ, ಆಮೇಲೆ ಯಾವುದನ್ನು ಸರಿ ಮಾಡಬೇಕು ಅಂತಲೇ ಗೊತ್ತಾಗದ ಹಾಗೆ ಮಾಡಿಟ್ಟಿದ್ದೆ. ಫಿಲ್ಟರ್ ಹಾಕಿದರೆ 5,900 ಬರುತ್ತಿತ್ತು.

ಮೊದಲನೇ ಪೆಟ್ಟು ಬಿದ್ದದ್ದು ಒಂದು ಆಯಿಲ್ ಸೀಲಿನಿಂದ. ಬಾಕ್ಸಿಗೆ 50 ಪೀಸು. ತಿಂಗಳಿಗೆ ನಾವು ಮಾರುತ್ತಿದ್ದದ್ದು ಹೆಚ್ಚೆಂದರೆ 150. ಸ್ಟಾಕ್ ಕಡಿಮೆ ಆಯಿತು, 400 ಪೀಸು ಬೇಕು ಅಂತ ಎಐ ಸರಿಯಾಗಿಯೇ ಹೇಳಿತು. 8 ಬಾಕ್ಸ್ ತರಿಸಬೇಕಿತ್ತು. ಆರ್ಡರ್ ಹೋದದ್ದು 400 ಬಾಕ್ಸಿಗೆ. ನಮ್ಮ ಕಂಪ್ಯೂಟರ್ ಕಳಿಸಿತು, ಅವರ ಕಂಪ್ಯೂಟರ್ ತಗೊಂಡಿತು, ನಡುವೆ ಮನುಷ್ಯರೇ ಇರಲಿಲ್ಲ. 20,000 ಸೀಲ್ ಬಂದಿಳಿದವು. 11 ವರ್ಷಕ್ಕೆ ಆಗುವಷ್ಟು. ಅದು ರಬ್ಬರ್, ಇಟ್ಟಲ್ಲೇ ಗಟ್ಟಿಯಾಗುವ ಮಾಲು.

ಇಳಿದದ್ದನ್ನು ಗೇಟು ಹೇಗೆ ಓದಿತು ಗೊತ್ತಾ? ಟ್ಯಾಗ್ ಇದ್ದದ್ದು ಬಾಕ್ಸಿನ ಮೇಲೆ. 400 ಟ್ಯಾಗ್ ಓದಿ, 400 ಪೀಸು ಬಂತು, ಆರ್ಡರ್‌ಗೆ ಸರಿಯಾಗಿದೆ ಅಂತ ಹಸಿರು ದೀಪ ಹಾಕಿತು. ಡ್ಯಾಶ್‌ಬೋರ್ಡ್‌ನಲ್ಲಿ ನೂರಕ್ಕೆ ನೂರು.

ಆಮೇಲೆ ಮಾರಾಟದ ಕಡೆ. ಗಿರಾಕಿಯೊಬ್ಬರು 6 ಸೀಲ್ ಕೇಳಿದ್ದಾರೆ ಅಂದುಕೊಳ್ಳಿ. ನಮ್ಮ ಹಳೆಯ ಕೈ, ಹದಿನೈದು ವರ್ಷ ಅದೇ ರ‍್ಯಾಕಿನ ಮುಂದೆ ಕೆಲಸ ಮಾಡಿದವರು, ಬಾಕ್ಸ್ ತೆರೆದು 6 ಎಣಿಸಿ ಪುಟ್ಟ ಕವರಿಗೆ ಹಾಕಿ ತಂದರು. ಕವರಿನ ಮೇಲೆ ಟ್ಯಾಗ್ ಇಲ್ಲ. ಗೇಟಿಗೆ ಏನೂ ಕಾಣಲಿಲ್ಲ. ಕೆಂಪು ದೀಪ, ಬಜರ್. ಅವರು ವಾಪಸ್ ಹೋದರು, ಮತ್ತೆ ಎಣಿಸಿದರು, ಮತ್ತೆ ಬಂದರು, ಮತ್ತೆ ಕೆಂಪು. ಪಕ್ಕದ ಸಾಲಿನಲ್ಲಿ ಹೊಸ ಹುಡುಗ 6 ಬಾಕ್ಸ್ ಎತ್ತಿಕೊಂಡು ಬಂದ. 6 ಟ್ಯಾಗ್, ಹಸಿರು. ಗಿರಾಕಿಗೆ 300 ಸೀಲ್ ಹೋಯಿತು, ಬಿಲ್ ಆದದ್ದು 6ಕ್ಕೆ. ಎರಡು ವಾರದೊಳಗೆ ಎಲ್ಲರೂ ಬಾಕ್ಸ್ ಎತ್ತುವುದನ್ನು ಕಲಿತರು. ಅವರದ್ದು ಏನೂ ತಪ್ಪಿಲ್ಲ. ಹಸಿರು ಬಂದರೆ ಕೆಲಸ ಸರಿ ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟವನೇ ನಾನು.

ಬಾಕ್ಸಿನ ಲೆಕ್ಕದಲ್ಲೇ ಮಾರುವ ಐಟಂಗಳಲ್ಲಿ ಇದರ ಉಲ್ಟಾ ಆಯಿತು. ಒಂದು ಗ್ಯಾಸ್ಕೆಟ್, ಬಾಕ್ಸಿಗೆ 100. ಶುರುವಿನಲ್ಲಿ 4,000 ಪೀಸು ಇತ್ತು. ಒಂಬತ್ತು ವಾರದಲ್ಲಿ 40 ಬಾಕ್ಸ್ ಮಾರಿದೆವು, ರ‍್ಯಾಕ್ ಪೂರ್ತಿ ಖಾಲಿ. ಸಿಸ್ಟಂ ಕಳೆದದ್ದು 40 ಮಾತ್ರ. ಸ್ಕ್ರೀನಿನಲ್ಲಿ 3,960 ಅಂತ ತೋರಿಸುತ್ತಿತ್ತು. ಎಐಗೆ ಕಂಡದ್ದು ಇನ್ನೊಂದು: ಮೊದಲು ಸಾವಿರಗಟ್ಟಲೆ ಹೋಗುತ್ತಿದ್ದ ಮಾಲು ಈಗ ಹತ್ತಿಪ್ಪತ್ತಕ್ಕೆ ಇಳಿದಿದೆ, ಬೇಡಿಕೆ ಬಿದ್ದುಹೋಗಿದೆ. ಆರ್ಡರ್ ಮಾಡುವುದನ್ನೇ ನಿಲ್ಲಿಸಿತು. ಆ ಗ್ಯಾಸ್ಕೆಟ್ ಸಿಗದೆ ಒಂದು ಕಾರ್ಖಾನೆಯಲ್ಲಿ ಪಂಪು ಮೂರು ದಿನ ನಿಂತಿತು. ‘ಸ್ಟಾಕ್ ಇದೆ ಅಂತ ನೀವೇ ತಾನೇ ಹೇಳಿದ್ದು’ ಅಂತ ಅವರು ಕೇಳಿದಾಗ ನನ್ನ ಬಾಯಲ್ಲಿ ಮಾತೇ ಹೊರಡಲಿಲ್ಲ. ಒಂಬತ್ತು ವರ್ಷದ ಗಿರಾಕಿ. ಬಿಟ್ಟುಹೋದರು, ಇವತ್ತಿಗೂ ವಾಪಸ್ ಬಂದಿಲ್ಲ.

ಹಾಗಾದರೆ ಅಷ್ಟು ವರ್ಷ ಖಾಲಿ ಕಾಲಂ ಇಟ್ಟುಕೊಂಡೇ ಹಳೆಯ ಸಿಸ್ಟಂ ಹೇಗೆ ನಡೆಯುತ್ತಿತ್ತು? ಪರ್ಚೇಸ್‌ನಲ್ಲಿ ಒಬ್ಬರು ಮೇಡಂ ಇದ್ದರು. ಅವರ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು, ಬೆನ್ನಿಗೆ ಟೇಪ್ ಅಂಟಿಸಿದ್ದು. ಯಾವ ಸಪ್ಲೈಯರ್ ಯಾವ ಐಟಂ ಅನ್ನು ಎಷ್ಟರ ಬಾಕ್ಸಿನಲ್ಲಿ ಕಳಿಸುತ್ತಾರೆ, ಯಾವಾಗ 10 ಇದ್ದದ್ದು 12 ಆಯಿತು, ಎಲ್ಲ ಅದರಲ್ಲಿ. ಆರ್ಡರ್ ಟೈಪ್ ಮಾಡುವಾಗ ಮನಸ್ಸಿನಲ್ಲೇ ಭಾಗಿಸಿ ಹಾಕುತ್ತಿದ್ದರು. ನಮ್ಮ ನಿಜವಾದ ಐಟಂ ಮಾಸ್ಟರ್, ಅಂದರೆ ಪ್ರತಿ ಐಟಂನ ಮೂಲ ಮಾಹಿತಿಯ ಪಟ್ಟಿ, ಆ ನೋಟ್‌ಬುಕ್ಕು.

ಟ್ರೈನಿಂಗ್ ದಿನ ಅವರು ಕೇಳಿದ್ದರು. “ಸರ್, ಬಾಕ್ಸಿಗೆ ಎಷ್ಟು ಅಂತ ಇದರಲ್ಲಿ ಎಲ್ಲಿ ನೋಡೋದು?” ನಾನು ಅಂದೆ: “ಮೇಡಂ, ಇನ್ಮೇಲೆ ಅದನ್ನೆಲ್ಲ ನೀವು ನೋಡಬೇಕಾಗಿಲ್ಲ, ಸಿಸ್ಟಂ ನೋಡ್ಕೊಳ್ಳುತ್ತೆ.” ಅವರು ಸುಮ್ಮನಾದರು. ಆ ಪ್ರಶ್ನೆಗೆ ಐದು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಸರಿ ಮಾಡಲು ಏಳು ವಾರ ಹಿಡಿಯಿತು. ಗೇಟು ಆಫ್. ಆಟೊ ಆರ್ಡರ್ ಆಫ್. ಮೇಡಂ ನೋಟ್‌ಬುಕ್ ಹಿಡಿದು ನಿಂತರು, ನಾವು 5,900 ಐಟಂಗಳ ಬಾಕ್ಸನ್ನು ಒಂದೊಂದಾಗಿ ತೆರೆದು ನೋಡಿದೆವು. ಆಗ ಗೊತ್ತಾದದ್ದು ಒಂದಿದೆ, ಇವತ್ತಿಗೂ ನೆನೆದರೆ ಕಸಿವಿಸಿಯಾಗುತ್ತದೆ. ಎಷ್ಟೋ ಬಾಕ್ಸುಗಳ ಮೇಲೆ ಅಚ್ಚಾಗಿದ್ದ ಬಾರ್‌ಕೋಡೇ ಇದು ಬಾಕ್ಸು, ಬಿಡಿ ಪೀಸಲ್ಲ ಅಂತ ಹೇಳುತ್ತಿತ್ತು. ಬಾರ್‌ಕೋಡ್ ನಂಬರುಗಳಿಗೆ ಜಗತ್ತಿನಾದ್ಯಂತ ಬಳಸುವ ಜಿಎಸ್‌1 ಪದ್ಧತಿಯಲ್ಲಿ ಬಿಡಿ ವಸ್ತುವಿಗೆ ಒಂದು ನಂಬರ್, ಅದರ ಬಾಕ್ಸಿಗೆ ಬೇರೆಯೇ ನಂಬರ್. ಬಾಕ್ಸಿನ 14 ಅಂಕಿಯ ನಂಬರಿನಲ್ಲಿ ಮೊದಲನೇ ಅಂಕಿ ಇರುವುದೇ ಪ್ಯಾಕಿನ ಮಟ್ಟವನ್ನು ಬೇರೆ ಮಾಡಿ ತೋರಿಸಲು. ನಾವು ಅದರ ಮೇಲೇ ನಮ್ಮ ಟ್ಯಾಗ್ ಅಂಟಿಸಿದ್ದೆವು.

ಈಗ ನಿಮ್ಮ ಪ್ರಶ್ನೆಗೆ. ‘ಯಾವ ಟೆಕ್ನಾಲಜಿ ಮೊದಲು’ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಸ್ಕ್ರೀನಿನ ಲೆಕ್ಕ ರ‍್ಯಾಕಿನ ಲೆಕ್ಕಕ್ಕೆ ಹೊಂದುತ್ತದಾ, ಅದು ಮೊದಲ ಪ್ರಶ್ನೆ. ಹೊಂದಲ್ಲ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ ಅಂತ ಇಬ್ಬರು ಸಂಶೋಧಕರು ಒಂದು ದೊಡ್ಡ ಅಂಗಡಿ ಸರಣಿಯ 37 ಅಂಗಡಿಗಳಲ್ಲಿ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ನೋಡಿ 2008ರಲ್ಲಿ ಬರೆದರು. 65% ದಾಖಲೆ ನಿಜದ ಎಣಿಕೆಗೆ ಹೊಂದಿರಲಿಲ್ಲ. ಅಮೆರಿಕದ ಅಂಗಡಿ ಸರಣಿ ಟಾರ್ಗೆಟ್ 2013ರಲ್ಲಿ ಕೆನಡಾಕ್ಕೆ ಹೋಗಿ 2015ರಲ್ಲಿ 133 ಅಂಗಡಿಗಳನ್ನೂ ಮುಚ್ಚಿತು. ಕಾರಣ ಹಲವಿದ್ದವು. ಆದರೆ ಹೊಸ ಸಿಸ್ಟಂಗೆ ಅವಸರದಲ್ಲಿ ತುಂಬಿದ ಐಟಂ ಮಾಹಿತಿ ತಪ್ಪಿದ್ದದ್ದು ಅದರಲ್ಲಿ ದೊಡ್ಡ ಕಾರಣ. ಗೋದಾಮು ತುಂಬಿ ತುಳುಕುತ್ತಿತ್ತು, ಅಂಗಡಿಯಲ್ಲಿ ರ‍್ಯಾಕ್ ಖಾಲಿ. ಅದನ್ನು ಓದಿದಾಗ ನನ್ನದೇ ಕಥೆ ಓದಿದ ಹಾಗಾಯಿತು.

ಬ್ಲಾಕ್‌ಚೈನ್ ಅನ್ನು ನಿಮ್ಮ ಪಟ್ಟಿಯಿಂದ ಇವತ್ತೇ ತೆಗೆದುಬಿಡಿ. ಅದು ಹಲವು ಕಂಪನಿಗಳು ಸೇರಿ ಹಂಚಿಕೊಂಡು ಬರೆಯುವ ಡಿಜಿಟಲ್ ಲೆಕ್ಕದ ಪುಸ್ತಕ. ಬರೆದದ್ದನ್ನು ಯಾರೂ ತಿದ್ದಲಾಗದ ಹಾಗೆ ಇಡುವುದು ಅದರ ಶಕ್ತಿ. ನಾನು ಹಾಕಿಸಿದ 1 ಅನ್ನೂ ಅದು ಹಾಗೇ ಕಾಪಾಡುತ್ತಿತ್ತು. ವಾಲ್‌ಮಾರ್ಟ್ ಮತ್ತು ಐಬಿಎಂ ಬ್ಲಾಕ್‌ಚೈನ್ ಬಳಸಿ ಒಂದು ಮಾವಿನ ಪ್ಯಾಕೆಟ್ಟಿನ ಮೂಲ ಹುಡುಕುವ ಕೆಲಸವನ್ನು ಸುಮಾರು 7 ದಿನದಿಂದ 2.2 ಸೆಕೆಂಡಿಗೆ ಇಳಿಸಿದ್ದು ನಿಜ. ಆದರೆ ಅಲ್ಲಿ ದಾರಿಯುದ್ದಕ್ಕೂ ಎಲ್ಲರೂ ಮಾಹಿತಿ ತುಂಬಿದ್ದರು. ಹಡಗು ಕಂಪನಿ ಮೆರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಹಡಗು ಸಾಗಣೆಗೆ ಟ್ರೇಡ್‌ಲೆನ್ಸ್ ಅನ್ನುವ ಬ್ಲಾಕ್‌ಚೈನ್ ವ್ಯವಸ್ಥೆ ತಂದರು. 2022ರ ನವೆಂಬರ್‌ನಲ್ಲಿ ನಿಲ್ಲಿಸುತ್ತೇವೆ ಅಂತ ಹೇಳಿದರು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನುವುದು ಅವರೇ ಕೊಟ್ಟ ಕಾರಣ. ಅಷ್ಟು ದೊಡ್ಡವರಿಗೇ ಎಲ್ಲರನ್ನೂ ಸೇರಿಸಲು ಆಗಲಿಲ್ಲ. ನಿಮ್ಮ ಸಪ್ಲೈಯರ್‌ಗಳು ಸೇರುತ್ತಾರಾ?

ಆರ್‌ಎಫ್‌ಐಡಿ ಒಳ್ಳೆಯದು, ನಾವು ಈಗಲೂ ಬಳಸುತ್ತೇವೆ. ಒಂದು ಮಾತು ಗಮನದಲ್ಲಿರಲಿ. ಗೇಟುಗಳಲ್ಲಿ ಬಳಸುವ ಬಗೆ 860ರಿಂದ 960 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಆ ಅಲೆ ಲೋಹಕ್ಕೆ ಬಡಿದು ಚದುರುತ್ತದೆ, ನೀರಿನಂಥ ದ್ರವ ಅದನ್ನು ಹೀರಿಕೊಳ್ಳುತ್ತದೆ. ಖಾಲಿ ರಟ್ಟಿನ ಡಬ್ಬ ಇಟ್ಟು ತೋರಿಸುವ ಡೆಮೊ ನಂಬಬೇಡಿ. ನಿಮ್ಮದೇ ಮಾಲು ಇಟ್ಟು ಓದಿಸಿ.

ಎಐ ಕೊನೆಗೆ. ಅದು ಕಲಿಯುವುದು ನಿಮ್ಮ ಹಳೆಯ ಲೆಕ್ಕದಿಂದಲೇ.

ಈ ವಾರ ಮಾಡಬೇಕಾದ್ದು ಇಷ್ಟು. 100 ಐಟಂ ಆರಿಸಿ. ಓಡುವ ಮಾಲು 40, ನಿಧಾನದ ಮಾಲು 40, ಧೂಳು ಹಿಡಿದ ಮೂಲೆಯಿಂದ 20. ನೀವೇ ರ‍್ಯಾಕಿನ ಹತ್ತಿರ ಹೋಗಿ. ಎಷ್ಟಿದೆ, ಇರಬೇಕಾದ ಜಾಗದಲ್ಲಿದೆಯಾ, ಬಾಕ್ಸಿಗೆ ಎಷ್ಟು, ಆರ್ಡರ್ ಮಾಡಿದ ಮೇಲೆ ನಿಜವಾಗಿ ಎಷ್ಟು ದಿನಕ್ಕೆ ಬರುತ್ತದೆ. ಈ ನಾಲ್ಕನ್ನೂ ಸ್ಕ್ರೀನಿನ ಜೊತೆ ತಾಳೆ ನೋಡಿ. ಕೊನೆಯದನ್ನು ಬಿಡಬೇಡಿ. ನಮ್ಮಲ್ಲಿ ಎಲ್ಲ ಐಟಂಗೂ 14 ದಿನ ಅಂತ ಇತ್ತು, ನಿಜಕ್ಕೂ ಆಗುತ್ತಿದ್ದದ್ದು 6ರಿಂದ 50 ದಿನ. 100ಕ್ಕೆ 95 ಸರಿ ಬರುವ ತನಕ ಯಾವ ಕಂಪನಿಯ ಕಾಗದಕ್ಕೂ ಸಹಿ ಹಾಕಬೇಡಿ. ನಾಲ್ಕು ತಿಂಗಳು ತೋರಿಸಲು ಏನೂ ಇರುವುದಿಲ್ಲ ಅಂತ ಮೇಲಿನವರಿಗೆ ಈಗಲೇ ಹೇಳಿಬಿಡಿ. ಕಷ್ಟದ ಮಾತು ಅದು, ಗೊತ್ತು. ನಾನು ಅದನ್ನು ಹೇಳಲು ಹೆದರಿದ್ದಕ್ಕೇ ಆ ಸಂಜೆ 1 ಹಾಕಿಸಿದ್ದು.

ನಿಮ್ಮಲ್ಲಿ ನೋಟ್‌ಬುಕ್ ಇಟ್ಟುಕೊಂಡವರು ಯಾರು ಅಂತ ಹುಡುಕಿ. ಖಂಡಿತ ಒಬ್ಬರಿರುತ್ತಾರೆ. ಅವರನ್ನು ಪ್ರಾಜೆಕ್ಟಿನ ಮೊದಲ ದಿನದಿಂದಲೇ ಕೂರಿಸಿಕೊಳ್ಳಿ. ಆಟೊ ಆರ್ಡರ್ ಹಾಕಿದರೂ, ಹೋದ ವರ್ಷದ ಅತಿ ದೊಡ್ಡ ಆರ್ಡರಿಗಿಂತ ಎರಡು ಪಟ್ಟು ಮೀರಿದ್ದು ಒಬ್ಬರ ಕಣ್ಣಿಗೆ ಬೀಳದೆ ಹೊರಗೆ ಹೋಗಬಾರದು. ನಮ್ಮಲ್ಲಿ ಈಗ ಆ ಕಣ್ಣು ಮೇಡಂ ಅವರದ್ದೇ.

ಸಣ್ಣ ಐಟಂಗಳನ್ನು ಕೈಯಲ್ಲಿ ಎಣಿಸಲು ಹೋಗಬೇಡಿ, ಜೊತೆಗೆ ತಕ್ಕಡಿ ಒಯ್ಯಿರಿ. 50 ಪೀಸು ತೂಗಿ, ಅದರಿಂದ ಉಳಿದದ್ದನ್ನು ಲೆಕ್ಕ ಹಾಕಿ. 5 ಪೀಸು ತೂಗಿದರೆ ಲೆಕ್ಕ ತಪ್ಪುತ್ತದೆ. 100ಕ್ಕೆ ಎಷ್ಟು ಸರಿ ಬಂತು ಅಂತ ಇಲ್ಲೇ ಬರೆಯಿರಿ. ಆ ನಂಬರ್ ನೋಡಿದ ಮೇಲೆ ಗೇಟು ಮೊದಲಾ, ಫೋರ್‌ಕಾಸ್ಟ್ ಮೊದಲಾ ಅಂತ ಕೂತು ಮಾತಾಡೋಣ.